ಮಳೆಯ ಜಾಡು ಹಿಡಿದು ದೇಶ ನೋಡಿ

ಸಿರಿಗೆರೆಯವರಾದ ನಮಗೆ ರಾಷ್ಟ್ರೀಯ ಹೆದ್ದಾರಿ 48 ಎಂದರೆ ಚಿತ್ರದುರ್ಗ, ದಾವಣಗೆರೆಗೆ ಹೋಗುವ ರಸ್ತೆ, ಅಷ್ಟೇ. ಅದೇ ರಸ್ತೆ ಒಂದು ಕಡೆ ಚೆನ್ನೈ ಮುಟ್ಟುತ್ತದೆ; ಇನ್ನೊಂದು ಕಡೆ ಪುಣೆ, ಮುಂಬೈ, ಅಹಮದಾಬಾದ್ ದಾಟಿ ದೆಹಲಿ ಸೇರುತ್ತದೆ. ಅಹಮದಾಬಾದಿನಿಂದ ಉತ್ತರಕ್ಕೆ ಇನ್ನಷ್ಟು ದೂರ ಹೋದರೆ ಕರ್ಕಾಟಕ ಸಂಕ್ರಾಂತಿ ವೃತ್ತ. ಅಲ್ಲಿಂದ ಈಚೆಗಿನ ಭಾರತವೆಲ್ಲ ಉಷ್ಣವಲಯ. ಮೇಷ್ಟ್ರಾಗಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಾ, ರಜೆಯಲ್ಲಿ ಮನೆಯವರ ಜೊತೆ ತಿರುಗುತ್ತಾ ಈ ನಾಡನ್ನು ಅಷ್ಟಿಷ್ಟು ನೋಡಿದ್ದೇನೆ. ಇಷ್ಟು ದೊಡ್ಡ ದೇಶವನ್ನು ಊರುಗಳ ಪಟ್ಟಿ ಹಿಡಿದು ನೋಡಿ ಮುಗಿಸಲು ಆಗುವುದಿಲ್ಲ. ಮಳೆಯ ಜಾಡು ಹಿಡಿದರೆ ಅದು ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ.

ಇದನ್ನು ನನಗೆ ಕಲಿಸಿದ್ದು ಆಗುಂಬೆಯ ದಾರಿ. ಹೊಳಲ್ಕೆರೆ, ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಹೋದರೆ ಒಂದು ಹಗಲಿನ ಪ್ರಯಾಣ. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ, ಆಗುಂಬೆಯ ಸರಾಸರಿ 7,000 ಮಿ.ಮೀ. ಮೀರುತ್ತದೆ. ಬಸ್ಸಿನ ಕಿಟಕಿಯಲ್ಲೇ ಈ ವ್ಯತ್ಯಾಸ ಕಾಣುತ್ತದೆ. ನಮ್ಮ ಹಳೆಯ ಮಾಳಿಗೆ ಮನೆಗಳ ಮೇಲೆ ಕಾಳು ಒಣಗಿಸುತ್ತೇವೆ, ಬೇಸಿಗೆಯಲ್ಲಿ ಚಾಪೆ ಹಾಸಿ ಮಲಗುತ್ತೇವೆ. ಮಲೆನಾಡಿನಲ್ಲಿ ಮಣ್ಣಿನ ಮಾಳಿಗೆ ಒಂದು ಮಳೆಗಾಲವನ್ನೂ ತಾಳದು. ಅದಕ್ಕೇ ಅಲ್ಲಿ ಕಡಿದಾದ ಹೆಂಚಿನ ಸೂರು. ಊಟವೂ ಹಾಗೇ. ಹಿರಿಯೂರಿನಲ್ಲಿ ರಾಗಿಮುದ್ದೆ, ತೀರ್ಥಹಳ್ಳಿಯಲ್ಲಿ ಅಕ್ಕಿ ಕಡುಬು. ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಜೋಳದ ರೊಟ್ಟಿ ಕೊಲ್ಲಾಪುರದಲ್ಲಿ ಭಾಕರಿಯಾಗಿ, ಗುಜರಾತಿನಲ್ಲಿ ಸಜ್ಜೆಯ ರೋಟ್ಲಾ ಆಗಿ ತಟ್ಟೆಗೆ ಬರುತ್ತದೆ. ಭಾಷೆ ಎರಡು ಸಲ ಬದಲಾದರೂ ಒಣ ಬೇಸಾಯದ ಊಟ ಬಿಟ್ಟುಹೋಗುವುದಿಲ್ಲ.

ಮಕ್ಕಳಿಗೆ ಬಹಳ ಹಿಡಿಸಿದ ಸಂಗತಿ ಗಾಳಿಯದು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟ ಹತ್ತುವಾಗ ತಣಿದು, ತಂದ ನೀರನ್ನೆಲ್ಲ ಅಲ್ಲೇ ಸುರಿದು, ಬರಿಗೈಲಿ ನಮ್ಮ ಕಡೆ ಇಳಿಯುತ್ತದೆ. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲೆ, ನಮ್ಮ ಜನ ಫ್ಯಾನು ಎಂದು ಕರೆಯುವ ಗಾಳಿಯಂತ್ರಗಳನ್ನು ತಿರುಗಿಸುವುದು ಅದೇ ಗಾಳಿ. ಅಲ್ಲಿ ಕಾಡು ಬೆಳೆಸುವುದೂ ಇಲ್ಲಿ ಕರೆಂಟು ಕೊಡುವುದೂ ಒಂದೇ ಗಾಳಿ ಎಂದು ತಿಳಿದ ಮೇಲೆ ಭೂಗೋಳದ ಪಾಠಕ್ಕೆ ಬೇರೆಯೇ ಜೀವ ಬಂತು.

ಮಳೆ ಕಡಿಮೆಯೆಂದು ನಮ್ಮ ಸೀಮೆಯಲ್ಲಿ ನೋಡುವುದೇನಿದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆ ನೀರು ನೋಡಲು ಜನ ಕಿಕ್ಕಿರಿದದ್ದನ್ನು ಕಂಡವರಿಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸಬೇಡರು ಸಾಕುವ ದೇವರ ಎತ್ತುಗಳು, ಕಾಡುಗೊಲ್ಲರ ಹಟ್ಟಿಗಳು, ಅಮೃತಮಹಲ್ ಕಾವಲಿನ ಹುಲ್ಲುಗಾವಲು ಇವೆಲ್ಲ ಒಣ ನೆಲವೇ ಬೆಳೆಸಿದ ಬದುಕು. ಹಟ್ಟಿಗೆ ಹೋಗುವವರು ಮೊದಲು ಹಿರಿಯರನ್ನು ಕೇಳಿ, ಅವರು ಒಪ್ಪಿದರಷ್ಟೇ ಒಳಗೆ ಹೋಗಿ, ಕ್ಯಾಮೆರಾ ಆಮೇಲೆ.

ಭಾರತ ನೋಡಲು ಯಾವ ತಿಂಗಳು ಒಳ್ಳೆಯದು ಎಂದು ಹಲವರು ಕೇಳುತ್ತಾರೆ. ಮುಂಬೈಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಚೆನ್ನೈಗೆ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದಿಂದ. ಒಂದೇ ಹೆದ್ದಾರಿಯ ಮೇಲಿನ ಊರುಗಳಿಗೇ ಒಂದು ಪಂಚಾಂಗ ಸಾಲದು.

ಶಾಲೆಗಳ ಪ್ರವಾಸ ಹೆಚ್ಚಾಗಿ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಮಲೆನಾಡಿನ ಮಳೆ ಮುಗಿದಿರುತ್ತದೆ. ಮೇಷ್ಟ್ರುಗಳಲ್ಲಿ, ತಂದೆತಾಯಿಯರಲ್ಲಿ ನನ್ನ ಕೋರಿಕೆ ಇಷ್ಟು: ಜುಲೈನಲ್ಲಿ ಒಮ್ಮೆ ಮಕ್ಕಳನ್ನು ಆಗುಂಬೆಗೆ ಕರೆದೊಯ್ಯಿರಿ. ಘಾಟಿ ಇಳಿಯುವುದು ಬೇಡ, ಹಳ್ಳಕ್ಕೆ ಇಳಿಸುವುದಂತೂ ಬೇಡವೇ ಬೇಡ. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಉಪ್ಪು, ಸುಣ್ಣ ಜೊತೆಗಿರಲಿ. ಹೊರಡುವ ಮುನ್ನ ಒಂದು ವಾರ ಶಾಲೆಯ ಅಂಗಳದಲ್ಲಿ ಬಿದ್ದ ಮಳೆಯನ್ನು ಅಳೆದು ಬರೆಯಲು ಹೇಳಿ, ಪಕ್ಕದಲ್ಲಿ ಅದೇ ವಾರದ ಆಗುಂಬೆಯ ಅಂಕಿಯನ್ನೂ ಬರೆಸಿ.