ಕೊಟ್ಟಿಗೆಯ ಪಾಯಕ್ಕೆ ಮುನ್ನ ಒಂದು ಗುಂಡಿ



ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಉಳವಿ ಚನ್ನಬಸವೇಶ್ವರ ಜಾತ್ರೆಗೆ ಸಾಲುಗಟ್ಟಿ ಬರುವುದನ್ನು ನೀವು ನೋಡಿದ್ದೀರಿ. ಅವುಗಳಲ್ಲಿ ಎಷ್ಟೋ ಹೊರಡುವುದು ಯರಿ ಭೂಮಿಯಿಂದ, ಬಂದು ನಿಲ್ಲುವುದು ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ. ಹಳಿಯಾಳ, ಮುಂಡಗೋಡ ತಾಲೂಕುಗಳು ಇವೆರಡರ ನಡುವಿನವು. ಇಲ್ಲಿ ಒಂದು ಹೊಲ ಕೆಂಪಿದ್ದರೆ ಪಕ್ಕದ್ದು ಕಪ್ಪಿರಬಹುದು. ಉಳವಿಯ ತಂಗಿಯ ಕೊಟ್ಟಿಗೆ ಎರಡಡಿ ಪಾಯದ ಮೇಲೆ ಗಟ್ಟಿಯಾಗಿ ನಿಂತಿದೆಯೆಂದು ಯರಿ ನೆಲದ ಅಕ್ಕ ಅದೇ ಅಳತೆ ಹಾಕಿಸಿದರೆ, ಸಾಲ ಮಾಡಿ ಕಟ್ಟಿದ ಗೋಡೆ ಎರಡೇ ಮಳೆಗಾಲಕ್ಕೆ ಬಾಯಿ ಬಿಟ್ಟೀತು.

ಯರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಸೀಳುತ್ತದೆ. ಪಾಯ ಅದರೊಂದಿಗೆ ಏರಿ ಇಳಿಯುತ್ತದೆ. "ಕೊಟ್ಟಿಗೆ ಹಗುರ ಕಟ್ಟಡ, ಅದಕ್ಯಾಕೆ ಇಷ್ಟೆಲ್ಲ?" ಎಂದು ಗೌಂಡಿ ಕೇಳಬಹುದು. ತೊಂದರೆ ಇರುವುದೇ ಅಲ್ಲಿ. ಭಾರದ ಕಟ್ಟಡ ಉಬ್ಬುವ ಮಣ್ಣನ್ನು ಒಂದಿಷ್ಟಾದರೂ ಅದುಮಿ ಹಿಡಿಯುತ್ತದೆ. ಹಗುರಾದದ್ದನ್ನು ಮಣ್ಣು ಸಲೀಸಾಗಿ ಎತ್ತುತ್ತದೆ. ನೆಲ ಬಿರಿದರೆ ಗಂಜಲ, ಸಗಣಿ ಸಂದಿಯಲ್ಲಿ ಉಳಿದು, ಅದರ ಮೇಲೆ ಮಲಗುವ ಆಕಳಿಗೆ ಕೆಚ್ಚಲು ಬಾವಿನ ಭಯ ಹೆಚ್ಚುತ್ತದೆ.

ಆದ್ದರಿಂದ ಕಲ್ಲು ತರಿಸುವ ಮೊದಲು ಬೇಸಿಗೆಯಲ್ಲೇ ಗುಂಡಿ ತೋಡಿಸಿ. ಒಂದು ಸಾಲದು, ಕಟ್ಟಡದ ಎದುರು-ಬದುರು ಮೂಲೆಗಳಲ್ಲಿ ಎರಡಿರಲಿ. ಆರೇಳು ಅಡಿ ಆಳದವರೆಗೆ ಮಣ್ಣಿನ ಬಣ್ಣ ಎಲ್ಲೆಲ್ಲಿ ಬದಲಾಯಿತು, ಸುಣ್ಣದ ಹರಳು ಎಲ್ಲಿ ಕಂಡಿತು, ಗರಸು ಎಷ್ಟು ಅಡಿಗೆ ಸಿಕ್ಕಿತು ಎಂದು ಬರೆದಿಡಿ. ಪ್ರತಿ ಎರಡಡಿಗೆ ಒಂದು ಚೀಲ ಮಣ್ಣು ತೆಗೆದು, ಆಳ ಬರೆದ ಚೀಟಿ ಕಟ್ಟಿ. ಎದೆಮಟ್ಟ ದಾಟಿದ ಗುಂಡಿಗೆ ಆಸರೆಯಿಲ್ಲದೆ ಯಾರನ್ನೂ ಇಳಿಸಬೇಡಿ. ಸೀಳುಬಿಟ್ಟ ಯರಿ ಮಣ್ಣು ಹೇಳದೆ ಕುಸಿಯುತ್ತದೆ. ರಾತ್ರಿ ಮುಚ್ಚಿಡಿ, ಕರುಗಳು ಓಡಾಡುವ ಜಾಗ.

ಈ ಚೀಲಗಳನ್ನು ಸಿವಿಲ್ ಎಂಜಿನಿಯರಿಂಗ್ ಕಾಲೇಜಿನ ಮಣ್ಣು ಪ್ರಯೋಗಾಲಯಕ್ಕೆ ಕೊಡಬೇಕು. ರೈತ ಸಂಪರ್ಕ ಕೇಂದ್ರದ ಮಣ್ಣು ಆರೋಗ್ಯ ಚೀಟಿ ಬೆಳೆಗೆ ಗೊಬ್ಬರ ಹೇಳುತ್ತದೆಯೇ ಹೊರತು ಪಾಯದ ಮಾತು ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ 'ಉಬ್ಬುವಿಕೆ ಪರೀಕ್ಷೆ' ಕೇಳಿ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ನೀರು ತುಂಬಿದ ಅಳತೆ ಕೊಳವೆಗೂ, ಇನ್ನೊಂದು 10 ಗ್ರಾಂ ಅನ್ನು ಸೀಮೆಎಣ್ಣೆಯ ಕೊಳವೆಗೂ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಈ ಜೇಡಿ ಉಬ್ಬುವುದಿಲ್ಲ. ಅಲ್ಲಿ 10 ಮಿ.ಲೀ. ನಿಂತ ಮಣ್ಣು ನೀರಿನಲ್ಲಿ 16 ಮಿ.ಲೀ. ಆದರೆ ಉಬ್ಬು ಶೇ. 60. ಶೇ. 50ರ ಒಳಗಿದ್ದರೆ ಚಿಂತೆ ಕಡಿಮೆ. 100 ದಾಟಿದರೆ ಎಂಜಿನಿಯರ್ ನಕ್ಷೆ ಇಲ್ಲದೆ ಕೆಲಸ ಹಿಡಿಯಬೇಡಿ.

ಗರಸು ಹತ್ತಿರದಲ್ಲೇ ಸಿಕ್ಕಿದರೆ ಪಾಯವನ್ನು ಅಲ್ಲಿಗೇ ಇಳಿಸುವುದು ಸುಲಭದ ದಾರಿ. ಸಿಗದಿದ್ದರೆ ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳಿವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇವನ್ನು ಯರಿ ನೆಲಕ್ಕೆ ಬಳಕೆಗೆ ತಂದಿತು. ಸಾಮಾನ್ಯವಾಗಿ ಮೂರೂವರೆ ಮೀಟರ್ ಇಳಿದು, ಒದ್ದೆ-ಒಣ ಎರಡೂ ಹೆಚ್ಚು ಬದಲಾಗದ ಆಳದಲ್ಲಿ ಬೇರೂರುತ್ತವೆ. ಒಂದು ಮನೆಯ ಕೊಟ್ಟಿಗೆಗೆ ಇದು ದುಬಾರಿ, ಆದರೆ ಶೈತ್ಯ ಘಟಕ ಕೂರಿಸುವ ಸಂಘದ ಕಟ್ಟಡಕ್ಕೆ ಅಲ್ಲ ಎಂಬುದು ನನ್ನ ಎಣಿಕೆ.

ಗುಂಡಿಯಿಂದ ತೆಗೆದ ಕಪ್ಪು ಮಣ್ಣನ್ನು ನೆಲದಡಿ ಮರಳಿ ತುಂಬಿಸಲು ಬಿಡಬೇಡಿ. ಗರಸು ಹಾಕಿ, ಪದರ ಪದರವಾಗಿ ನೀರು ಚಿಮುಕಿಸಿ ಧಮ್ಮಸು ಮಾಡಿಸಿ. ಕೊಟ್ಟಿಗೆ ತೊಳೆದ ನೀರು ದಿನವೂ ಒಂದೇ ಗೋಡೆಯ ಬುಡಕ್ಕೆ ಇಳಿದರೆ ಆ ಬದಿ ಉಬ್ಬಿ, ಆಚೆ ಬದಿ ಒಣಗಿ, ಗೋಡೆ ಮೂಲೆಯಲ್ಲೇ ಹರಿಯುತ್ತದೆ. ಗಟಾರವನ್ನು ಸಿಮೆಂಟಿನಿಂದ ಕಟ್ಟಿಸಿ, ನೀರನ್ನು ದೂರದ ಹುಲ್ಲಿನ ಮಡಿಗೆ ಹರಿಸಿ. ಗೊಬ್ಬರದ ಗುಂಡಿಯೂ ಗೋಡೆಯಿಂದ ದೂರವಿರಲಿ.