ಕುಂಟುವ ಎತ್ತಿಗೆ ಎಷ್ಟು ದಿನ ವಿಶ್ರಾಂತಿ?

ಮುಂಗಾರು ಮಳೆ ಬಿದ್ದು ನೆಲ ಹದಕ್ಕೆ ಬಂದಿರುವಾಗ ಎತ್ತು ಜಾರಿ ಕಾಲು ಉಳುಕಿಸಿಕೊಂಡರೆ ರೈತನ ಕಷ್ಟ ಹೇಳತೀರದು. ಬಿತ್ತನೆಯ ಹದ ನಾಲ್ಕಾರು ದಿನದ್ದು. ಕಾಲು ವಾಸಿಯಾಗಲು ವಾರಗಳೇ ಬೇಕು. ಈ ಇಕ್ಕಟ್ಟಿನಲ್ಲಿ ಕುಂಟುವುದು ನಿಂತ ಕೂಡಲೇ ನೊಗ ಹೂಡುವುದುಂಟು. ಸಣ್ಣ ಉಳುಕು ಕಾಯಂ ಕುಂಟಾಗುವುದು ಹೀಗೆಯೇ. ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ. ಇವೆರಡರ ನಡುವಿನ ಅವಧಿಯೇ ಅಪಾಯದ ಕಾಲವೆಂದು ತಿಳಿಯಬೇಕು.

ಪೆಟ್ಟು ಎಲ್ಲಿಗೆ?

ವಿಶ್ರಾಂತಿಯ ಅವಧಿ ಪೆಟ್ಟಾದ ಭಾಗವನ್ನು ಅವಲಂಬಿಸಿದೆ. ಮಾಂಸಖಂಡದಲ್ಲಿ ರಕ್ತಸಂಚಾರ ಹೆಚ್ಚು; ಸಾಧಾರಣ ಪೆಟ್ಟು 1-2 ವಾರಗಳಲ್ಲಿ ವಾಸಿಯಾಗುತ್ತದೆ. ಕೀಲಿನ ಲಘು ಉಳುಕಿಗೆ 2-3 ವಾರ, ಬಲವಾದ ಉಳುಕಿಗೆ 6-8 ವಾರ ಬೇಕಾಗಬಹುದು. ಕಾಲಿನ ಹಿಂಬದಿಯ ಸ್ನಾಯುರಜ್ಜು ಹರಿದರೆ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿ ರಕ್ತಸಂಚಾರ ಕಡಿಮೆ. ಮೊದಲು ಕೂಡಿಕೊಳ್ಳುವ ಎಳೆಗಳು ದುರ್ಬಲವಾಗಿದ್ದು, ಭಾರ ಎಳೆದರೆ ಮತ್ತೆ ಹರಿಯುತ್ತವೆ. ಗೊರಸು ತಿಂಗಳಿಗೆ ಸುಮಾರು ಅರ್ಧ ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ, ಅಂಗಾಲಿನಲ್ಲಿ ಆಳವಾದ ಗಾಯವಾದರೆ ಗಟ್ಟಿ ಪದರ ಬರಲು ಎರಡು ತಿಂಗಳಾದರೂ ಬೇಕು.

ಕಾಲು ಊರಲಾಗದಿದ್ದರೆ, ಮೂಳೆ ಮುರಿದ ಶಂಕೆಯಿದ್ದರೆ, ಕೀಲಿನ ಬಳಿ ತೆರೆದ ಗಾಯವಿದ್ದರೆ ಅಥವಾ ಗೊರಸಿಗೆ ಮೊಳೆ ಚುಚ್ಚಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆಯೂ ದೊರೆಯುತ್ತದೆ.

ಮೊದಲ ದಿನಗಳ ಆರೈಕೆ

ಮೊದಲ ಎರಡು ದಿನ ಉಳುಕಿದ ಭಾಗದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ, ಪ್ರತಿಸಲ 15-20 ನಿಮಿಷ ತಣ್ಣೀರು ಹಾಯಿಸಿ. ಹೊಸ ಬಾವಿಗೆ ಬಿಸಿ ಶಾಖ ಕೊಡುವುದು, ಬಲವಾಗಿ ತಿಕ್ಕುವುದು ಬೇಡ. ಬರೆ ಹಾಕುವುದರಿಂದ ಗಾಯದ ಮೇಲೆ ಇನ್ನೊಂದು ಗಾಯವಾಗುವುದೇ ಹೊರತು ಪ್ರಯೋಜನವಿಲ್ಲ.

ಜಾರದ ನೆಲದ ಮೇಲೆ ಹುಲ್ಲು ಹಾಸಿ, ಸುಲಭವಾಗಿ ಮಲಗಿ ಏಳುವಷ್ಟು ಹಗ್ಗ ಬಿಟ್ಟು ಕಟ್ಟಿ. ಕೆಲಸವಿಲ್ಲದ ಎತ್ತಿಗೆ ಹಿಂಡಿ, ಕಾಳು ಕಡಿಮೆ ಮಾಡಿ, ಒಣಹುಲ್ಲು ಮತ್ತು ಹಸಿರು ಮೇವು ಕೊಡಿ. ನೋವಿನ ಔಷಧವನ್ನು ವೈದ್ಯರೇ ಹೇಳಬೇಕು. ಡೈಕ್ಲೋಫೆನಾಕ್ ಔಷಧವನ್ನು ರಣಹದ್ದುಗಳ ಸಾವಿನ ಕಾರಣದಿಂದ 2006ರಲ್ಲಿ ಜಾನುವಾರುಗಳಿಗೆ ನಿಷೇಧಿಸಲಾಗಿದೆ.

ಹೂಡುವ ಮುನ್ನ ಪರೀಕ್ಷೆ

ನೋವಿನ ಔಷಧ ನಿಲ್ಲಿಸಿ ಮೂರು ನಾಲ್ಕು ದಿನಗಳಾದ ಮೇಲೆ ಹೀಗೆ ನೋಡಿ:

1. ಎರಡೂ ಕಾಲುಗಳನ್ನು ಅಂಗೈ ಹಿಂಭಾಗದಿಂದ ಮುಟ್ಟಿದಾಗ ಬಿಸಿ ಒಂದೇ ಸಮನಾಗಿರಬೇಕು.
2. ಒತ್ತಿದಾಗ ಕಾಲು ಎಳೆದುಕೊಳ್ಳಬಾರದು.
3. ಗಟ್ಟಿ ನೆಲದ ಮೇಲೆ ನಡೆಸಿ, ಎರಡೂ ಕಡೆಗೆ ತಿರುಗಿಸಿದಾಗ ಕುಂಟಬಾರದು. ಮುಂಗಾಲಿನಲ್ಲಿ ನೋವಿರುವ ಎತ್ತು ಆ ಕಾಲು ಊರಿದಾಗ ತಲೆ ಮೇಲೆತ್ತುತ್ತದೆ.

ಇವೆಲ್ಲ ಸರಿಯಿದ್ದರೂ ನೇರವಾಗಿ ನೇಗಿಲಿಗೆ ಹೂಡಕೂಡದು. ಬಹಳ ದಿನ ಕಟ್ಟಿಹಾಕಿದ್ದರಿಂದ ಮಾಂಸಖಂಡ ಸೊರಗಿ, ಕೀಲು ಬಿಗಿದಿರುತ್ತದೆ. ಮೊದಲು ಸಮನೆಲದಲ್ಲಿ ದಿನಕ್ಕೆರಡು ಸಲ ಹತ್ತು ನಿಮಿಷ ನಡೆಸಿ, ಕ್ರಮೇಣ ಸಮಯ ಹೆಚ್ಚಿಸಿ. ನಂತರ ಬರಿ ನೊಗ, ಆಮೇಲೆ ಖಾಲಿ ಗಾಡಿ, ಹಗುರವಾದ ಕುಂಟೆ, ಕೊನೆಗೆ ನೇಗಿಲು. ಪ್ರತಿ ಹಂತಕ್ಕೂ ಒಂದು ವಾರವಾದರೂ ಇರಲಿ. ಮರುದಿನ ಬೆಳಿಗ್ಗೆ ಬಾವು, ಬಿಸಿ ಅಥವಾ ಕುಂಟು ಕಂಡರೆ ಹಿಂದಿನ ಹಂತಕ್ಕೆ ಮರಳಬೇಕು.

ಈ ಹಂಗಾಮಿನ ಬಿತ್ತನೆಗೆ ಮುಯ್ಯಿ ಎತ್ತನ್ನೋ ಬಾಡಿಗೆ ಟ್ರ್ಯಾಕ್ಟರನ್ನೋ ಗೊತ್ತುಮಾಡಿಕೊಳ್ಳುವುದು ಲೇಸು. ಆ ಖರ್ಚು ಒಂದು ಸಲದ್ದು. ಎತ್ತು ಕೆಟ್ಟರೆ ಜೋಡಿಯೇ ಕೆಟ್ಟಂತೆ.