ಮೊದಲನೆಯ ಮಹಾಯುದ್ಧವೂ ಜರ್ಮನಿಯ ತಪ್ಪೆಣಿಕೆಗಳೂ

1914ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಮಹಾಯುದ್ಧವು ಮೊದಲಾದಾಗ, ಜರ್ಮನಿಯ ಸೈನ್ಯಕ್ಕೆ ಸರಿಸಮಾನವಾದ ಸೈನ್ಯವು ಯೂರೋಪು ಖಂಡದಲ್ಲಿ ಮತ್ತೊಂದಿಲ್ಲವೆಂದು ಬಹುಜನರು ತಿಳಿದಿದ್ದರು. ಆ ದೇಶದ ಕಾರ್ಖಾನೆಗಳು ದೊಡ್ಡವು. ರೈಲು ದಾರಿಗಳು ಸುವ್ಯವಸ್ಥಿತವಾದವು. ಯಾವ ದಿನ ಯಾವ ದಂಡು ಎಲ್ಲಿರತಕ್ಕದ್ದೆಂಬುದನ್ನು ಅದರ ಸೇನಾಧಿಪತಿಗಳು ವರ್ಷಗಳ ಮುಂಚೆಯೇ ಗೊತ್ತುಮಾಡಿಟ್ಟಿದ್ದರು. ಹೀಗಿದ್ದರೂ 1918ನೆಯ ನವೆಂಬರ್ 11ರಂದು ಜರ್ಮನಿಯು ವೈರಿಗಳು ಹೇಳಿದ ಷರತ್ತುಗಳಿಗೆ ಒಪ್ಪಿ ಆಯುಧವನ್ನು ಕೆಳಗಿಡಬೇಕಾಯಿತು. ಇದಕ್ಕೆ ಕಾರಣವೇನು? ಆ ಸೈನಿಕರಲ್ಲಿ ಧೈರ್ಯವಿರಲಿಲ್ಲವೆನ್ನಲಾಗದು. ಅವರ ನಾಯಕರಿಗೆ ಲೆಕ್ಕ ಬಾರದೆಂದೂ ಹೇಳಲಾಗದು. ಆದರೆ ಆ ಲೆಕ್ಕದಲ್ಲಿ ಕೆಲವು ಜನರನ್ನು ಅವರು ಹಿಡಿಯಲೇ ಇಲ್ಲ. ಹಾಗೆ ಬಿಟ್ಟುಹೋದವರು ಯಾರೆಂಬುದನ್ನು ನಾವು ಕ್ರಮವಾಗಿ ವಿಚಾರಿಸೋಣ.

ಜರ್ಮನಿಗೆ ಪೂರ್ವದಲ್ಲಿ ರಷ್ಯವೂ ಪಶ್ಚಿಮದಲ್ಲಿ ಫ್ರಾನ್ಸೂ ವೈರಿಗಳಾಗಿದ್ದವು. ಫ್ರಾನ್ಸನ್ನು ಸುಮಾರು ಆರು ವಾರಗಳೊಳಗೆ ಸೋಲಿಸಿ, ರಷ್ಯವು ತನ್ನ ದಂಡನ್ನು ಕೂಡಿಸುವಷ್ಟರಲ್ಲಿ ಪೂರ್ವಕ್ಕೆ ತಿರುಗಬೇಕೆಂಬುದು ಸೇನಾಪತಿ ಶ್ಲೀಫೆನ್ನನ ಕಾಲದಿಂದ ಬೆಳೆದು ಬಂದ ಉಪಾಯವು. ಇದಕ್ಕೆ ಹತ್ತಿರದ ದಾರಿಯು ಬೆಲ್ಜಿಯಮಿನ ಮೂಲಕ ಹೋಗುತ್ತಿದ್ದಿತು. ಆ ಚಿಕ್ಕ ರಾಜ್ಯವನ್ನು ಯಾರೂ ಮುಟ್ಟಬಾರದೆಂದು 1839ರಲ್ಲಿ ಆದ ಒಡಂಬಡಿಕೆಗೆ ಪ್ರಷ್ಯವೂ ಸಹಿ ಹಾಕಿದ್ದಿತು. ಆಗಸ್ಟ್ 4ರಂದು ಜರ್ಮನ್ ದಂಡು ಆ ಮಾತನ್ನು ಮುರಿದು ಬೆಲ್ಜಿಯಮನ್ನು ಹೊಕ್ಕಿತು. ಆ ದಿನವೇ ಇಂಗ್ಲೆಂಡು ಯುದ್ಧಕ್ಕಿಳಿಯಿತು. ಬೆಲ್ಜಿಯಮಿನವರು ದಾರಿ ಬಿಡಲಿಲ್ಲ. ಲಿಯೇಜ್ ಪಟ್ಟಣದ ಕೋಟೆಗಳಲ್ಲಿ ಕಡೆಯದು ಬಿದ್ದುದು ಆಗಸ್ಟ್ 16ರಂದು. ಅಕ್ಟೋಬರ್ ಕೊನೆಯಲ್ಲಿ ಅವರು ತೂಬುಗಳನ್ನು ತೆರೆದು, ತಮ್ಮ ಹೊಲಗಳ ಮೇಲೆಯೇ ಸಮುದ್ರದ ನೀರನ್ನು ಹರಿಯಬಿಟ್ಟು ವೈರಿಯನ್ನು ತಡೆದರು. ಇತ್ತ ರಷ್ಯದ ದಂಡು ಎಣಿಸಿದುದಕ್ಕಿಂತ ಬೇಗನೆ ಬಂದಿತು. ಗಾಬರಿಗೊಂಡ ಜರ್ಮನ್ ನಾಯಕರು ಫ್ರಾನ್ಸಿನಿಂದ ಎರಡು ದೊಡ್ಡ ದಳಗಳನ್ನು ಪೂರ್ವಕ್ಕೆ ಕಳುಹಿಸಿದರು. ಅವು ಅಲ್ಲಿಗೆ ಮುಟ್ಟುವ ಮೊದಲೇ ಟಾನೆನ್‌ಬರ್ಗಿನಲ್ಲಿ ಜರ್ಮನರಿಗೆ ಜಯವಾಗಿದ್ದಿತು. ಸೆಪ್ಟೆಂಬರಿನಲ್ಲಿ ಮಾರ್ನ್ ನದಿಯ ಬಳಿ ನಡೆದ ನಿರ್ಣಾಯಕವಾದ ಕಾಳಗಕ್ಕೆ ಅವು ದೊರೆಯದೆ ಹೋದವು. ಆರು ವಾರದ ಯುದ್ಧವು ನಾಲ್ಕು ವರ್ಷದ ಯುದ್ಧವಾಯಿತು.

ಎರಡನೆಯದಾಗಿ, ಜರ್ಮನಿಯು ನಮ್ಮ ದೇಶದವರನ್ನು ಸರಿಯಾಗಿ ಎಣಿಸಲಿಲ್ಲ. ಯುದ್ಧವು ಹತ್ತಿದೊಡನೆ ಹಿಂದೂಸ್ಥಾನದಲ್ಲಿ ದಂಗೆಯೇಳುವುದೆಂದೂ, 1914ರ ನವೆಂಬರಿನಲ್ಲಿ ತುರ್ಕಿಯ ಸುಲ್ತಾನನು ಧರ್ಮಯುದ್ಧವನ್ನು ಸಾರಿದ ಮೇಲೆ ಇಲ್ಲಿಯ ಮುಸಲ್ಮಾನರೆಲ್ಲರೂ ಬ್ರಿಟಿಷರನ್ನು ಬಿಟ್ಟು ನಿಲ್ಲುವರೆಂದೂ ಬರ್ಲಿನ್ ನಗರದಲ್ಲಿ ನಂಬಿದ್ದರು. ಹಾಗಾಗಲಿಲ್ಲ. ಹತ್ತು ಲಕ್ಷಕ್ಕೂ ಮೇಲ್ಪಟ್ಟ ಭಾರತೀಯರು ಸಮುದ್ರವನ್ನು ದಾಟಿ ಯುದ್ಧಕಾರ್ಯಕ್ಕೆ ಹೋದರು. ಆ ಕಾಲದಲ್ಲಿ ನಮ್ಮ ರಾಮಸಮುದ್ರ, ಯಾದಗಿರಿಗಳು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದ ಕುದುರೆಯ ದಂಡೂ ಮೈಸೂರಿನ ಕುದುರೆಯ ದಂಡೂ ಒಂದೇ ದಳದಲ್ಲಿ ಕೂಡಿ ಈಜಿಪ್ತ ದೇಶದಲ್ಲಿ ಸೂಯೆಜ್ ಕಾಲುವೆಯನ್ನು ಕಾದವು. 1918ನೆಯ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಈಟಿ ಕತ್ತಿಗಳನ್ನು ಹಿಡಿದು, ಯಂತ್ರದ ಬಂದೂಕುಗಳ ಎದುರಿಗೆ ನುಗ್ಗಿ ಹೈಫಾ ಪಟ್ಟಣವನ್ನು ಗೆದ್ದರು. ಕರ್ಮೆಲು ಬೆಟ್ಟದ ಮೇಲಣ ಫಿರಂಗಿಗಳತ್ತ ಏರಿದವರು ಮೈಸೂರಿನವರು. ಸುಮಾರು 1,350 ಮಂದಿ ಸೆರೆಸಿಕ್ಕರು. ಅವರಲ್ಲಿ ಜರ್ಮನ್ ಅಧಿಕಾರಿಗಳೂ ಇದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರುಗಳ ಸವಾರರ ನೆನಪಿಗಾಗಿ ನಿಂತವುಗಳೇ.

ಮೂರನೆಯ ತಪ್ಪು ಸಮುದ್ರದ ಮೇಲೆ ಆಯಿತು. 1917ನೆಯ ಫೆಬ್ರುವರಿ 1ರಿಂದ ಯಾವ ದೇಶದ ಹಡಗಾದರೂ ಸರಿ, ಇಂಗ್ಲೆಂಡಿನ ಸುತ್ತಲಿನ ನೀರಿನಲ್ಲಿ ಕಂಡರೆ ಮುಳುಗಿಸುವೆವೆಂದು ಜರ್ಮನರು ಸಾರಿದರು. ಐದು ತಿಂಗಳಲ್ಲಿ ಇಂಗ್ಲೆಂಡು ಸಂಧಿ ಬೇಡುವುದೆಂದು ನೌಕಾಪತಿಗಳು ಅಂಕಿಗಳ ಸಹಿತ ತೋರಿಸಿದ್ದರು. ಅಮೆರಿಕವು ಸಿಟ್ಟಾದರೆ? ಅದರ ಸೈನ್ಯದ ಬೆಲೆಯು ಸೊನ್ನೆಯೆಂದು ನೌಕಾಮಂತ್ರಿಯು ಉತ್ತರಕೊಟ್ಟನು. ಏಪ್ರಿಲ್ 6ರಂದು ಅಮೆರಿಕವು ಯುದ್ಧವನ್ನು ಸಾರಿತು. ಹಡಗುಗಳು ಗುಂಪುಗೂಡಿ, ಯುದ್ಧನೌಕೆಗಳ ಕಾವಲಿನಲ್ಲಿ ಸಂಚರಿಸತೊಡಗಿದ ಮೇಲೆ ಜಲಾಂತರ್ಗಾಮಿಗಳ ಹಾವಳಿಯು ಇಳಿಯಿತು. ಸೊನ್ನೆಯೆನಿಸಿಕೊಂಡ ದೇಶದಿಂದ 1918ರ ಕೊನೆಯ ವೇಳೆಗೆ ಸುಮಾರು ಇಪ್ಪತ್ತು ಲಕ್ಷ ಮಂದಿ ಸೈನಿಕರು ಯೂರೋಪಿಗೆ ಬಂದಿಳಿದಿದ್ದರು.

ಇವೆಲ್ಲಕ್ಕಿಂತಲೂ ದೊಡ್ಡ ತಪ್ಪು ಮನೆಯೊಳಗಿನದು. ವಿದ್ಯಾರ್ಥಿನಿಯರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ನಮ್ಮ ಕಡೆಯ ಒಕ್ಕಲಿಗನು ಹಗೇವಿನಲ್ಲಿ ಜೋಳವೆಷ್ಟಿದೆಯೆಂದು ನೋಡದೆ ಮಗಳ ಮದುವೆಗೆ ದಿನವನ್ನು ಗೊತ್ತುಮಾಡುತ್ತಿರಲಿಲ್ಲ. ಜರ್ಮನಿಯಾದರೋ ತನ್ನ ಆಹಾರದಲ್ಲಿಯೂ ಗೊಬ್ಬರದಲ್ಲಿಯೂ ದೊಡ್ಡ ಭಾಗವನ್ನು ಹೊರಗಿನಿಂದ ತರಿಸುತ್ತಿದ್ದರೂ ದೀರ್ಘಯುದ್ಧಕ್ಕೆ ಕಾಳುಕಡಿಯನ್ನು ಕೂಡಿಡಲಿಲ್ಲ. ಬ್ರಿಟಿಷ್ ನೌಕಾಬಲವು ಸಮುದ್ರದ ದಾರಿಯನ್ನು ಕಟ್ಟಿತು. ಹೊಲದ ಆಳೂ ಕುದುರೆಯೂ ದಂಡಿಗೆ ಹೋದವು. ಗೊಬ್ಬರಕ್ಕೆ ಬೇಕಾದ ರಾಸಾಯನಿಕವು ಸಿಡಿಮದ್ದಿಗೆ ಹೋಯಿತು. 1915ರಲ್ಲಿಯೇ ರೊಟ್ಟಿಯನ್ನು ಚೀಟಿಯ ಮೇಲೆ ಅಳೆದು ಕೊಡಬೇಕಾಯಿತು. 1916ರಲ್ಲಿ ಆಲೂಗಡ್ಡೆಯ ಬೆಳೆ ಕೆಟ್ಟಿತು. ಆ ಚಳಿಗಾಲದಲ್ಲಿ ದನಗಳಿಗೆ ಹಾಕುವ ಟರ್ನಿಪ್ ಜಾತಿಯ ಗಡ್ಡೆಯೇ ಜನರ ಆಹಾರವಾಯಿತು. ಕಾರ್ಖಾನೆಯಲ್ಲಿ ದುಡಿದು ಬಂದ ತಾಯಂದಿರು ಅಂಗಡಿಗಳ ಮುಂದೆ ಗಂಟೆಗಟ್ಟಲೆ ಸಾಲಾಗಿ ನಿಂತು ಬರಿಗೈಯಲ್ಲಿ ಮನೆಗೆ ಹಿಂದಿರುಗುತ್ತಿದ್ದರು. 1918ರ ಜನವರಿಯಲ್ಲಿ ಬರ್ಲಿನ್ನಿನ ಲಕ್ಷಗಟ್ಟಲೆ ಕಾರ್ಮಿಕರು, ಹೆಂಗಸರೂ ಸೇರಿದಂತೆ, ಅನ್ನವನ್ನೂ ಶಾಂತಿಯನ್ನೂ ಕೇಳಿ ಕೆಲಸವನ್ನು ನಿಲ್ಲಿಸಿದರು.

ಆಗಲಾದರೂ ನಾಯಕರು ಎಚ್ಚರಗೊಳ್ಳಲಿಲ್ಲ. ಅದೇ ವರ್ಷದ ಮಾರ್ಚ್ 3ರಂದು ರಷ್ಯದೊಡನೆ ಸಂಧಿಯಾದರೂ, ಅಲ್ಲಿ ಗೆದ್ದ ವಿಶಾಲವಾದ ನೆಲವನ್ನು ಹಿಡಿದಿಡಲು ಲಕ್ಷಗಟ್ಟಲೆ ಸೈನಿಕರನ್ನು ಪೂರ್ವದಲ್ಲಿಯೇ ಬಿಟ್ಟರು. ಮಾರ್ಚ್ 21ರಂದು ಸೇನಾಪತಿ ಲೂಡೆಂಡಾರ್ಫನು ಪಶ್ಚಿಮದಲ್ಲಿ ತನ್ನ ಕಡೆಯ ಮಹಾಪ್ರಹಾರವನ್ನು ಮಾಡಿದನು. ದಂಡು ಹಲವು ಮೈಲಿ ಮುಂದುವರಿಯಿತು. ಆದರೆ ಹಸಿದ ಸೈನಿಕರು ವೈರಿಯ ಉಗ್ರಾಣಗಳನ್ನು ಕಂಡಲ್ಲಿ ನಿಂತು ತಿನ್ನತೊಡಗಿದರು. ಮನೆಯ ಹಸಿವು ರಣರಂಗಕ್ಕೂ ಬಂದು ಮುಟ್ಟಿದ್ದಿತು. ಆಗಸ್ಟ್ 8ರಂದು ಆಮಿಯೆನ್ ಬಳಿ ಆದ ಸೋಲಿನ ತರುವಾಯ ಅವರು ಹಿಮ್ಮೆಟ್ಟುತ್ತಲೇ ಹೋದರು.

ಈ ಪಾಠವು ಸೋತವರಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಗೆದ್ದವರು ಯುದ್ಧವು ನಿಂತ ಮೇಲೂ 1919ರ ಜುಲೈವರೆಗೆ ಸಮುದ್ರದ ತಡೆಯನ್ನು ತೆಗೆಯಲಿಲ್ಲ. ಜರ್ಮನಿಯ ತಾಯಂದಿರನ್ನೂ ಮಕ್ಕಳನ್ನೂ ಇವರೂ ಎಣಿಸಲಿಲ್ಲ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಆ ಯುದ್ಧದಲ್ಲಿ ಪ್ರಾಣಕೊಟ್ಟ ಮೇಲೆ ಭಾರತಕ್ಕೆ ದೊರೆತುದು 1919ರ ರೌಲತ್ ಶಾಸನವು, ಅಮೃತಸರದಲ್ಲಿ ನಿರಾಯುಧರ ಮೇಲೆ ಹಾರಿದ ಗುಂಡು. ಜರ್ಮನಿಯ ದ್ವೇಷವು ಇಪ್ಪತ್ತು ವರ್ಷಗಳ ಬಳಿಕ ಮತ್ತೊಂದು ಮಹಾಯುದ್ಧವಾಗಿ ಹೊರಬಿದ್ದಿತು; 1947ರಲ್ಲಿ ಬ್ರಿಟಿಷರು ಭಾರತವನ್ನು ಬಿಟ್ಟುಹೋದರು. ಚಿಕ್ಕವರೆಂದೂ, ದೂರದವರೆಂದೂ, ಮನೆಯೊಳಗಿನವರೆಂದೂ ಯಾರನ್ನು ಲೆಕ್ಕದಿಂದ ಬಿಡುತ್ತೇವೆಯೋ ಅವರೇ ಕಡೆಗೆ ಲೆಕ್ಕವನ್ನು ತೀರಿಸುತ್ತಾರೆ. ಚರಿತ್ರೆಯನ್ನು ಓದುವಾಗ ಸೇನಾಪತಿಗಳ ಹೆಸರುಗಳ ಜೊತೆಗೆ ಇವರನ್ನೂ ಹುಡುಕಿ ಓದುವುದು ನಮ್ಮ ಕರ್ತವ್ಯವು.